ತೊಟ್ಟಿಲ ಕೊಂಡಿಗೆ ಅರವತ್ತೆಂಟು ಕಿಲೋ

ಮಕ್ತಲ್ ಪಟ್ಟಣದ ಕುರುಬರ ಓಣಿಯ ಚರಿತ್ರೆಯಲ್ಲಿ ದಾಖಲಾಗಲೇಬೇಕಾದ ಒಂದು ಪ್ರಶ್ನೆ ಕಳೆದ ಬೇಸಿಗೆಯ ಮಂಗಳವಾರವೊಂದರಂದು ಎದ್ದಿತು. ಹನುಮಂತುವಿನ ತೂಕ ಎಷ್ಟು?

ಬೆಳಗಿನ ಒಂಬತ್ತಕ್ಕೆ ಎದ್ದ ಈ ಪ್ರಶ್ನೆಗೆ ಹತ್ತು ಹೊಡೆಯುವುದರೊಳಗೆ ಏಳು ಉತ್ತರಗಳು ಸಿಕ್ಕವು. ಹಾಲಿನವನು ಐವತ್ತೈದು ಎಂದ. ಎದುರು ಮನೆಯ ಮುದುಕಿ "ಮದಲಿಗಿಂತ ಇಳದಾನ" ಎಂದಳೇ ಹೊರತು ಅಂಕಿ ಕೊಡಲಿಲ್ಲ. ರಾಯಚೂರಿನ ಬಸ್ಸಿಗೆ ಹೊರಟಿದ್ದ ಇಬ್ಬರು ಬಸ್ಸು ಬಿಟ್ಟುಕೊಟ್ಟು ನಿಂತು ವಾದಿಸಿದರು. ವಾದದ ವಸ್ತುವಾದ ಹನುಮಂತು ಅಲ್ಲೇ ನಡುಮನೆಯ ಮಂಚದ ಮೇಲೆ ಅಂಗಾತ ಮಲಗಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಅವನನ್ನು ಯಾರೂ ಕೇಳಲಿಲ್ಲ.

ಕೊನೆಯ ಮಾತು ಹಕ್ಕಿನಿಂದ ಅವನ ತಂದೆ ಮಾಳಿಂಗಪ್ಪನದು. ನಲವತ್ತು ವರ್ಷ ಕುರಿ ಕಾಯ್ದ ಮನುಷ್ಯ. ಟಗರಿನ ಹೊಟ್ಟೆಯ ಕೆಳಗೆ ಕೈ ಕೊಟ್ಟು ಒಂದು ಬೆರಳೆತ್ತರ ಎತ್ತಿದರೆ ಸಾಕು, ತೂಕ ಹೇಳುತ್ತಿದ್ದ. ಸಂತೆಯ ದಲ್ಲಾಳಿಗಳು ತಕ್ಕಡಿಯ ಜೊತೆ ಜಗಳವಾಡುತ್ತಿದ್ದರು, ಮಾಳಿಂಗಪ್ಪನ ಜೊತೆ ಆಡುತ್ತಿರಲಿಲ್ಲ.

"ಐವತ್ತು," ಎಂದ ಮಾಳಿಂಗಪ್ಪ, ಮಗನ ಕಡೆ ಒಂದು ಸಲ ನೋಡಿ. "ಬರಕೋರಿ ಮೇಡಮ್ಮ. ಐವತ್ತು."

ಮೇಡಮ್ಮ ಎಂದರೆ ಮಾಧವಿ. ತಂದೆ ಊರಿನ ಗುಡಿಯಲ್ಲಿ ಅರ್ಚಕರು. ಮಗಳು ನಾರಾಯಣಪೇಟೆಯ ಒಂದು ಸಂಸ್ಥೆಯ ಪರವಾಗಿ ಸ್ಕೂಟಿಯಲ್ಲಿ ಮನೆಮನೆಗೆ ಹೋಗಿ, ಅಂಗವಿಕಲರಿಗೆ ಕೈಕಾಲಿನ ವ್ಯಾಯಾಮ ಮಾಡಿಸುವವಳು. ಅವಳು ಪೆನ್ನು ತೆಗೆಯಲಿಲ್ಲ.

"ಕಾಕಾ, ಅಂದಾಜು ಬ್ಯಾಡ. ಕಾಟಾದ ಮ್ಯಾಲ ತೂಗೋಣ."

ಆಗ ಓಣಿಗೆ ಅರ್ಥವಾಯಿತು, ವಿಷಯ ಹಗುರವಾದದ್ದಲ್ಲ.

ಎರಡು ವರ್ಷದ ಹಿಂದೆ ಮಾಗನೂರಿನ ಕಡೆ ಕುರಿ ಮೇಯಿಸುವಾಗ ಹನುಮಂತು ಸೊಪ್ಪು ಕಡಿಯಲು ಮರ ಹತ್ತಿದ್ದ. ಕೊಂಬೆ ಮುರಿಯಿತು. ಮೂವತ್ತೆರಡರ ಹರೆಯದಲ್ಲಿ ಸೊಂಟದಿಂದ ಕೆಳಗೆ ಜೀವವಿಲ್ಲದಂತಾಯಿತು. ಅಂದಿನಿಂದ ಹೆಂಡತಿ ರಜಿತಾ ಅವನನ್ನು ಮಂಚದಿಂದ ಗಾಲಿಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಬಚ್ಚಲಿನಿಂದ ಮತ್ತೆ ಮಂಚಕ್ಕೆ ದಿನಕ್ಕೆ ಆರು ಸಲ ತಬ್ಬಿ ಎತ್ತುತ್ತಿದ್ದಳು. ಕಳೆದ ತಿಂಗಳು ಅವಳ ಬೆನ್ನಿನ ಎಕ್ಸ್‌ರೇ ನೋಡಿದ ಡಾಕ್ಟರು, ಇನ್ನು ಹೀಗೇ ಎತ್ತಿದರೆ ಆ ಮನೆಗೆ ಎರಡು ಗಾಲಿಕುರ್ಚಿ ಬೇಕಾಗುತ್ತವೆ ಎಂದಿದ್ದರು. ಅದಕ್ಕೇ ಮಾಧವಿ ಒಂದು ಯಂತ್ರ ಮಂಜೂರು ಮಾಡಿಸಿದ್ದಳು. ತಲೆಯ ಮೇಲೆ ಒಂದು ಹಳಿ, ಹಳಿಯಲ್ಲಿ ಓಡುವ ಪುಟ್ಟ ಮೋಟಾರು, ಮೋಟಾರಿನಿಂದ ಇಳಿಯುವ ಪಟ್ಟಿಗೆ ಸಿಕ್ಕಿಸಿದ ಬಟ್ಟೆಯ ಜೋಲಿ. ಜೋಲಿಯಲ್ಲಿ ಮನುಷ್ಯನನ್ನು ಕೂರಿಸಿ ಗುಂಡಿ ಒತ್ತಿದರೆ ಅದು ಎತ್ತಿ, ಸರಿಸಿ, ಬೇಕಾದಲ್ಲಿ ಇಳಿಸುತ್ತದೆ.

ಹನುಮಂತುವನ್ನು ಕುರ್ಚಿ ಸಮೇತ ಊರಿನ ಧಾನ್ಯದ ಗಂಜ್ ಮಾರುಕಟ್ಟೆಗೆ ಒಯ್ದು, ಭತ್ತದ ಚೀಲ ತೂಗುವ ಕಾಟಾದ ಮೇಲೆ ಉರುಳಿಸಿದರು. ಎಂಬತ್ತಾರು ಬಂತು. ಅವನನ್ನು ಚೀಲದ ಅಟ್ಟಿಯ ಮೇಲೆ ಕೂರಿಸಿ ಬರೀ ಕುರ್ಚಿ ತೂಗಿದರು. ಹದಿನೆಂಟು.

"ಅರವತ್ತೆಂಟು," ಎಂದಳು ಮಾಧವಿ.

"ಕಾಟಾ ಖರಾಬ ಆಗೈತಿ," ಎಂದ ಮಾಳಿಂಗಪ್ಪ.

ಚೀಲ ಹೊರುತ್ತಿದ್ದ ಹಮಾಲ ಪರಮೇಶ ಬೆವರು ಒರೆಸಿಕೊಂಡ. "ಈ ಕಾಟಾಕ್ಕ ಸರ್ಕಾರದವರು ಮುದ್ರಿ ಒತ್ಯಾರ ಕಾಕಾ. ನಿನ್ನ ಕಣ್ಣಿಗೆ ಯಾರ ಒತ್ಯಾರ?"

ಮಾಳಿಂಗಪ್ಪನ ಅಂದಾಜಿನಲ್ಲಿ ಹದಿನೆಂಟು ಕಿಲೋ ತಪ್ಪು. ಕುರಿಯ ವಿಷಯದಲ್ಲಾಗಿದ್ದರೆ ಸಂತೆಯಲ್ಲಿ ತಲೆಯೆತ್ತುವಂತಿರಲಿಲ್ಲ. ಎರಡು ವರ್ಷದಿಂದ ಅವನು ಮಗನನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ ಎಂಬುದನ್ನು ಕಾಟಾ ಎಲ್ಲರೆದುರು ಹೇಳಿಬಿಟ್ಟಿತ್ತು.

"ಕುಂತಲ್ಲೇ ಇರೋರ ತೂಕ ಕಣ್ಣಿಗೆ ತಿಳಿಯಂಗಿಲ್ಲ ಕಾಕಾ," ಎಂದಳು ಮಾಧವಿ ಮೆಲ್ಲಗೆ. "ಕಾಲು ಸಣ್ಣ ಆಗ್ತಾವ, ನಡಾ ದಪ್ಪ ಆಗ್ತೈತಿ. ಅಂದಾಜಿನ ಮ್ಯಾಲ ಜೋಲಿ ತಂದ್ರ ಅಳತಿ ತಪ್ಪಿ ಮನುಷ್ಯ ಜಾರ್ತಾನ. ಈಗ ಎಂಜಿನಿಯರ್ ಶಿವಕಾಂತ ಅನ್ನೋರು ಗದ್ವಾಲ ಕಡಿ ಕೆಲಸದಾಗ ಅದಾರ. ಹದಿನೈದು ದಿನದಾಗ ಬಂದು ಮದಲು ನಿಮ್ಮ ಮಾಳಿಗಿ ನೋಡ್ತಾರ. ಅಲ್ಲೀತನಕ ಅದಕ್ಕ ಏನೂ ಜೋತು ಬಿಡಬ್ಯಾಡ್ರಿ."

ಎಲ್ಲರೂ ಹೂಂ ಎಂದರು. ಹೂಂ ಎನ್ನುವುದಕ್ಕೆ ಖರ್ಚಿಲ್ಲ.

ನಾಲ್ಕನೆಯ ದಿನ ರಜಿತಾ ಗಂಡನನ್ನು ಬಚ್ಚಲಿನಲ್ಲಿ ಇಳಿಸಿ, ತಾನೂ ಅಲ್ಲೇ ಕುಳಿತಳು. ಏಳಲಾಗಲಿಲ್ಲ. ಒದ್ದೆ ಕಲ್ಲಿನ ಮೇಲೆ ಗಂಡ ಹೆಂಡತಿ ಇಬ್ಬರೂ ಮುಕ್ಕಾಲು ತಾಸು ಮುಖಾಮುಖಿ ಕುಳಿತಿದ್ದರು. ಮಾಳಿಂಗಪ್ಪ ಹೊರಗಿನಿಂದ ಬಂದು ಇಬ್ಬರನ್ನೂ ಒಬ್ಬೊಬ್ಬರಾಗಿ ಎಬ್ಬಿಸಿದ. ಅವನ ಕುರಿಹಿಂಡು ಹೊಳೆಯಾಚೆ ತಮ್ಮನ ಕಾವಲಿನಲ್ಲಿತ್ತು, ಅವನು ವಾರದೊಳಗೆ ಹಿಂದಿರುಗಬೇಕಿತ್ತು. ಮಗನಿಗೊಂದು ವ್ಯವಸ್ಥೆ ಮಾಡದೆ ಹೇಗೆ ಹೋಗುವುದು? ಟವೆಲ್ ಹೆಗಲಿಗೆ ಹಾಕಿಕೊಂಡು ನೇರವಾಗಿ ರಾಯಚೂರು ರಸ್ತೆಯ ಶ್ರೀನುವಿನ ವೆಲ್ಡಿಂಗ್ ಅಂಗಡಿಗೆ ನಡೆದ.

ಶ್ರೀನು ಒಳ್ಳೆಯವನು. ಯಾರು ಏನು ಕೇಳಿದರೂ ಆಗುವುದಿಲ್ಲ ಎನ್ನದ ಜಾತಿಯವನು. ಅಪಾಯ ಬರುವುದು ಇಂಥವರಿಂದಲೇ. ಮರುದಿನ ಬೆಳಿಗ್ಗೆ ಟ್ರ್ಯಾಕ್ಟರ್ ಇಂಜಿನ್ ಎತ್ತುವ ಸರಪಳಿ ರಾಟೆಯನ್ನು ಹೆಗಲಿಗೇರಿಸಿಕೊಂಡು ಬಂದ.

"ಇಷ್ಟಕ್ಕ ಎಂಜಿನಿಯರ್ ಯಾಕ ಬೇಕು ಕಾಕಾ. ಇದು ಒಂದು ಟನ್ ಎತ್ತತೈತಿ. ಹನುಮಂತಣ್ಣ ಎಷ್ಟು? ಅರವತ್ತೆಂಟು ಕಿಲೋ. ಏಮಿ ಕಾದು, ಏನೂ ಆಗಂಗಿಲ್ಲ."

"ಯಾವುದಕ್ಕ ಕಟ್ತಿ?" ಎಂದಳು ರಜಿತಾ, ಬೆನ್ನಿಗೆ ಪಟ್ಟಿ ಬಿಗಿದುಕೊಂಡು ಗೋಡೆಗೆ ಒರಗಿದ್ದವಳು.

ಮಾಳಿಂಗಪ್ಪ ಕೈಯೆತ್ತಿ ತೋರಿಸಿದ. ನಡುಮನೆಯ ದೊಡ್ಡ ತೊಲೆಯ ಮಧ್ಯದಲ್ಲಿ ಒಂದು ಕಬ್ಬಿಣದ ಕೊಂಡಿ. ತೊಟ್ಟಿಲ ಕೊಂಡಿ. ಆ ಮನೆಯಲ್ಲಿ ಹುಟ್ಟಿದವರೆಲ್ಲ ಹೆಸರಿಟ್ಟ ದಿನ ಅದಕ್ಕೆ ಅರಿಸಿನ ಹಚ್ಚಿಸಿ ತೂಗಿಸಿಕೊಂಡವರೇ.

"ನಮ್ಮಪ್ಪನ್ನ ಹೊತ್ತೈತಿ. ನನ್ನ ಹೊತ್ತೈತಿ. ಇವನ್ನೂ ಹೊತ್ತೈತಿ. ಬೀರಪ್ಪ ದೇವರ ಮ್ಯಾಲ ಆಣಿ, ಒಂದಿನ ಅಳ್ಳಾಡಿಲ್ಲ."

ಹೇಳಿದ್ದೆಲ್ಲ ನಿಜ. ಹೊತ್ತಾಗ ಅವರು ತಲಾ ಎಷ್ಟು ತೂಗುತ್ತಿದ್ದರು ಎಂಬುದನ್ನು ಮಾತ್ರ ಹೇಳಲಿಲ್ಲ, ತೂಕಕ್ಕೇ ಹೆಸರಾದ ಮನುಷ್ಯ.

ಮಂಚದ ಮೇಲಿಂದ ಹನುಮಂತು ಆ ಕೊಂಡಿಯನ್ನು ನೋಡಿದ. ನೋಡುವುದೇನು, ಎರಡು ವರ್ಷದಿಂದ ಅವನು ನೋಡುತ್ತಿದ್ದದ್ದೇ ಅದನ್ನು. ಓಣಿಯವರು ಬೀದಿ ನೋಡುತ್ತಾರೆ, ಬಸ್ಸು ನೋಡುತ್ತಾರೆ. ಅವನ ಪಾಲಿಗೆ ಬಂದದ್ದು ತಲೆಯ ಮೇಲಿನ ಮಾಳಿಗೆ. ಹನ್ನೊಂದು ಜಂತಿ. ಜಂತಿಯ ಮೇಲೆ ಫರಸಿಕಲ್ಲು. ಹನ್ನೊಂದನ್ನೂ ಹೊತ್ತ ಒಂದು ತೊಲೆ, ಅದಕ್ಕೆ ಮದುವೆಯ ವರ್ಷ ಬಳಿದ ಹಸಿರು ಎಣ್ಣೆಬಣ್ಣ. ಬಡಗಣ ಗೋಡೆಯಲ್ಲಿ ತೊಲೆ ಹೊಕ್ಕ ಜಾಗದಲ್ಲಿ ಸಂಕ್ರಾಂತಿಯ ಹೊತ್ತಿಗೆ ಎರಡು ಬೆರಳುದ್ದವಿದ್ದ ಗೆದ್ದಲಿನ ಮಣ್ಣಿನ ಗೆರೆ ಈಗ ಗೇಣುದ್ದವಾಗಿತ್ತು. ಮಧ್ಯಾಹ್ನ ಮನೆ ನಿಶ್ಶಬ್ದವಾದಾಗ ಅಲ್ಲಿಂದ ಯಾರೋ ದೂರದಲ್ಲಿ ಬೆಲ್ಲ ಕೆರೆಯುತ್ತಿರುವಂಥ ಸದ್ದು. ಒಮ್ಮೊಮ್ಮೆ ಎದೆಯ ಮೇಲೆ ಚಿಟಿಕೆಯಷ್ಟು ಕಂದು ಪುಡಿ.

ಇದನ್ನೆಲ್ಲ ಅವನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಯಂತ್ರ ತಪ್ಪುತ್ತದೆ, ಯಂತ್ರ ತಪ್ಪಿದರೆ ರಜಿತಾ ಎತ್ತಬೇಕು. ಹೇಳದಿದ್ದರೆ ತನ್ನನ್ನು ಆ ತೊಲೆಗೆ ನೇತು ಹಾಕುತ್ತಾರೆ. ಮರದಿಂದ ಬಿದ್ದವನಿಗೆ ಮಂಚದ ಎತ್ತರವೂ ಎತ್ತರವೇ ಎಂದು ಓಣಿಯವರು ನಗುತ್ತಿದ್ದುದೂ ಅವನ ಕಿವಿಯಲ್ಲಿತ್ತು.

"ಮೇಡಮ್ಮ ಬ್ಯಾಡಂದಾರ," ಎಂದ, ಅಷ್ಟೇ.

"ಆ ಎಂಜಿನಿಯರ್ ಬರಾಕ ಇನ್ನಾ ಹತ್ತು ದಿನ ಐತಿ. ನಿನ್ನ ಹೇಣತಿ ಬೆನ್ನು ಅಲ್ಲೀತನಕ ಇರತೈತೇನು?" ಎಂದ ಮಾಳಿಂಗಪ್ಪ.

ಹನುಮಂತು ರಜಿತಾಳ ಬೆನ್ನಿನ ಪಟ್ಟಿಯ ಕಡೆ ನೋಡಿದ.

ಜೋಲಿ ಇರಲಿಲ್ಲ. ಅದಕ್ಕೂ ಮಾಳಿಂಗಪ್ಪನ ಹತ್ತಿರ ದಾರಿಯಿತ್ತು. ಕರಿ ಕಂಬಳಿ. ತಾನೇ ಉಣ್ಣೆ ಕತ್ತರಿಸಿ ನೇಯಿಸಿದ್ದು. ಮಳೆ ತಡೆದ ಕಂಬಳಿ ಮನುಷ್ಯನನ್ನು ತಡೆಯದೇ? ನಾಲ್ಕು ಮೂಲೆ ಗಂಟು ಹಾಕಿ, ಗಂಟಿಗೆ ಹಗ್ಗ ಹಾಕಿ, ಹಗ್ಗವನ್ನು ರಾಟೆಗೆ ಸಿಕ್ಕಿಸಿದರು. ರಾಟೆಯನ್ನು ಕೊಂಡಿಗೆ ನೇತು ಹಾಕಿದರು. ಹನುಮಂತು ಮೂಟೆಯಾದ.

ಶ್ರೀನು ಸರಪಳಿ ಎಳೆದ. ಕಟಕಟ, ಕಟಕಟ. ಕಂಬಳಿ ಬಿಗಿಯಿತು. ಬೆನ್ನ ಕೆಳಗಿನ ಹಾಸಿಗೆ ಹಿಂದಕ್ಕೆ ಸರಿದುಹೋಯಿತು. ಕಾಲಿಗೆ ಏನೂ ತಿಳಿಯದು. ಆದರೆ ಹೊಟ್ಟೆಗೆ ತಿಳಿಯಿತು, ಎದೆಗೆ ತಿಳಿಯಿತು, ಕೈಬೆರಳು ಕಂಬಳಿಯ ಅಂಚನ್ನು ಹಿಡಿದು ಬಿಳಿಚಿಕೊಂಡವು. ಎರಡು ಬೆರಳು ಎತ್ತರ. ಮೂರು. ನಾಲ್ಕು.

"ನೋಡು ಅಣ್ಣ, ತೊಟ್ಟಲಾಗ ಕುಂತಂಗ," ಎಂದ ಶ್ರೀನು.

ಆಗ ಸದ್ದು ಬಂತು. ದೊಡ್ಡದಲ್ಲ. ಒಣ ಕಡ್ಡಿಯನ್ನು ಉಗುರಿನಿಂದ ಮುರಿದಷ್ಟು. ಚಿಟ್.

ಹನುಮಂತುವಿನ ಮೈಯಲ್ಲಿ ಜೀವವಿದ್ದ ಅರ್ಧಭಾಗವೆಲ್ಲ ತಣ್ಣಗಾಯಿತು. ಕಣ್ಣೆದುರು ಕೊಂಡಿ. ಕೊಂಡಿಯ ಹಿಂದೆ ತೊಲೆ. ತೊಲೆಯ ಮೇಲೆ ಜಂತಿ, ಫರಸಿ, ಅದರ ಮೇಲೆ ಅಜ್ಜನ ಕಾಲದ ಮಣ್ಣು. ಪಕ್ಕದಲ್ಲೇ ರಜಿತಾ ನಿಂತಿದ್ದಳು, ಅವನ ತಲೆಗೆ ಕೈ ಕೊಟ್ಟುಕೊಂಡು. ಬಿದ್ದರೆ ಇಬ್ಬರ ಮೇಲೂ ಬೀಳುತ್ತದೆ.

"ಇಳಸು," ಎಂದ.

"ಅಂಜಬ್ಯಾಡಲೇ ಹನುಮ್ಯಾ. ಹಳೀ ಕಟಗಿ, ಸಪ್ಪಳ ಮಾಡ್ತೈತಿ," ಎಂದ ಮಾಳಿಂಗಪ್ಪ. "ಎಳಿ ಶ್ರೀನು."

"ಶ್ರೀನು, ಇಳಸು. ರಜಿತಾ, ನೀ ದೂರ ಸರಿ."

ಅವನ ದನಿಯಲ್ಲಿ ಕೂಗು ಇರಲಿಲ್ಲ. ಅದನ್ನು ಕೇಳಿಯೇ ರಜಿತಾಗೆ ಹೆದರಿಕೆಯಾಯಿತು. ಅವಳು ಸರಿಯಲಿಲ್ಲ, ಶ್ರೀನುವಿನ ಕೈಯಲ್ಲಿದ್ದ ಸರಪಳಿಯನ್ನು ಹಿಡಿದುಕೊಂಡಳು. "ಅವರು ಇಳಸು ಅಂದ್ರ ಇಳಸು."

ಏರಿಸಿದಷ್ಟೇ ನಿಧಾನವಾಗಿ ಇಳಿಸಬೇಕು, ಸರಪಳಿ ರಾಟೆಯ ಸ್ವಭಾವವೇ ಹಾಗೆ. ಕಟಕಟ. ನಾಲ್ಕು ಬೆರಳು ಇಳಿಯುವಷ್ಟು ಹೊತ್ತು ನಡುಮನೆಯಲ್ಲಿ ಎಲ್ಲರೂ ತೊಲೆಯನ್ನೇ ನೋಡುತ್ತಿದ್ದರು. ಬೆನ್ನಿಗೆ ಹಾಸಿಗೆ ಸಿಕ್ಕಿದಾಗ ಹನುಮಂತುವಿನ ಅಂಗಿ ಹಿಂಡುವಂತಾಗಿತ್ತು.

"ಏನೂ ಆಗಿಲ್ಲಲ್ಲೋ," ಎಂದ ಮಾಳಿಂಗಪ್ಪ.

"ಅಪ್ಪಾ, ಆವತ್ತು ಗಿಡದಾಗೂ ಇದ ಸಪ್ಪಳ ಕೇಳೀನಿ."

ಕೊಂಬೆ ಇದ್ದಕ್ಕಿದ್ದಂತೆ ಮುರಿಯಿತು ಎಂದೇ ಎರಡು ವರ್ಷದಿಂದ ಮನೆಯವರೆಲ್ಲ ನಂಬಿದ್ದರು. ಹಾಗೆ ಹೇಳಿದವನೇ ಹನುಮಂತು.

"ಒಮ್ಮೆಲೆ ಮುರೀಲಿಲ್ಲದು. ಮದಲು ಚಿಟ್ ಅಂತು. ಇನ್ನೊಂದ ಏಟು ಹಾಕಿ ಇಳೀತೀನಿ ಅಂದ್ಕೊಂಡೆ. ಇನ್ನೊಂದ ಏಟು. ಇಲ್ಲಿ ಮ್ಯಾಲ ಒರಲಿ ಹತ್ತೈತಿ, ಸಂಕ್ರಾಂತಿಯಿಂದ ನೋಡಾಕತ್ತೀನಿ. ಹೇಳಲಿಲ್ಲ. ತಪ್ಪು ನನ್ನದ."

ಮಾಳಿಂಗಪ್ಪ ಇಂಥ ಹೊತ್ತಿನಲ್ಲಿ ಹಟಮಾರಿ ಮುದುಕರು ಮಾಡುವುದನ್ನೇ ಮಾಡಲು ಹೊರಟ. "ನಾನ ಜೋತು ಬಿದ್ದು ತೋರಸ್ತೀನಿ," ಎಂದು ಸ್ಟೂಲು ಎಳೆದುಕೊಂಡ.

ರಜಿತಾ ಸ್ಟೂಲಿನ ಮೇಲೆ ತಾನೇ ಕುಳಿತುಬಿಟ್ಟಳು. "ಮಾವಾರ, ಒಬ್ಬರನ್ನ ಎತ್ತಾಕ ನನ್ನ ಕೈಲೆ ಆಗವಲ್ದು. ಇಬ್ಬರನ್ನ ಹೆಂಗ ಎತ್ತಲಿ?" ಎಂದು ಹೇಳಿ, ಕುಳಿತಲ್ಲಿಂದಲೇ ಮಾಧವಿಗೆ ಫೋನು ಹಚ್ಚಿದಳು.

ಅಂದು ಹನುಮಂತುವಿನ ಮಂಚವನ್ನು ಹನುಮಂತು ಸಮೇತ ಎಳೆದು ಪಡಸಾಲೆಗೆ ತಂದರು. ನಡುಮನೆಗೆ ಯಾರೂ ಕಾಲಿಡಲಿಲ್ಲ. ಅಡುಗೆಮನೆಗೆ ಹೋಗುವ ದಾರಿಯೂ ಅದೇ ಆಗಿದ್ದರಿಂದ ಊಟ ಎದುರು ಮನೆಯಿಂದ ಬಂತು. ಓಣಿಯವರು ಬಾಗಿಲಲ್ಲಿ ನಿಂತು ಹಸಿರು ತೊಲೆಯನ್ನು ಇಣುಕಿ ನೋಡಿದರು. ಅದು ನಿನ್ನೆ ಹೇಗಿತ್ತೋ ಹಾಗೇ ಇತ್ತು. ಅದೇ ಹೆದರಿಕೆ ಹುಟ್ಟಿಸುವಂತಿತ್ತು.

ಮರುದಿನ ಮಾಧವಿ, ಗದ್ವಾಲದ ಕೆಲಸವನ್ನು ಅರ್ಧಕ್ಕೆ ಬಿಡಿಸಿ ಶಿವಕಾಂತನನ್ನು ಕರೆತಂದಳು. ಶಿವಕಾಂತ ಮಾತು ಕಡಿಮೆಯ ಮನುಷ್ಯ. ಚಹಾ ಬೇಡವೆಂದ. ಮಾಳಿಗೆಯನ್ನು ನೋಡುವ ಮೊದಲು ಪಡಸಾಲೆಯ ಮಂಚದ ಹತ್ತಿರ ಕುಕ್ಕರಗಾಲಲ್ಲಿ ಕುಳಿತ.

"ದಿನಾ ಮ್ಯಾಲ ನೋಡಿದವರು ನೀವು. ಹೇಳ್ರಿ ಹನುಮಂತು ಅವರ, ಎಲ್ಲೆಲ್ಲಿ ಏನೇನೈತಿ?"

ಎರಡು ವರ್ಷದಲ್ಲಿ ಹನುಮಂತುವನ್ನು ಯಾರಾದರೂ ಏನನ್ನಾದರೂ ಹೀಗೆ ಕೇಳಿದ್ದು ಮೊದಲ ಸಲ. ಅವನು ಹೇಳಿದ. ಹನ್ನೊಂದು ಜಂತಿ, ಮೂರನೆಯದಕ್ಕೆ ಸೀಳು, ಏಳನೆಯದರ ಹತ್ತಿರ ಮಳೆಗಾಲದಲ್ಲಿ ತೇವ, ಬಡಗಣ ಗೋಡೆಯ ಮಣ್ಣಿನ ಗೆರೆ, ಪುಡಿ ಬೀಳುವ ಹೊತ್ತು. ಶಿವಕಾಂತ ಎಲ್ಲವನ್ನೂ ಬರೆದುಕೊಂಡ. ತೊಲೆಯ ಕೆಳಗೆ ಎರಡು ಗಟ್ಟಿ ಆಸರೆ ಕಂಬ ನಿಲ್ಲಿಸಿದ ಮೇಲೆಯೇ ಏಣಿ ಹತ್ತಿದ. ಹಸಿರು ಬಣ್ಣದ ಮೇಲೆ ಸ್ಕ್ರೂಡ್ರೈವರ್‌ನ ತುದಿಯಿಟ್ಟು, ಸುತ್ತಿಗೆಯಿಂದ ಹೊಡೆಯದೆ, ಬರೀ ಅಂಗೈಯಿಂದ ಒತ್ತಿದ.

ಅದು ಹಿಡಿಕೆಯ ತನಕ ಒಳಗೆ ಹೋಯಿತು.

ಶಿವಕಾಂತ ಕೆಳಗಿಳಿದು ಏಣಿಯನ್ನು ಮಾಳಿಂಗಪ್ಪನಿಗೆ ಬಿಟ್ಟುಕೊಟ್ಟ. ಮಾಳಿಂಗಪ್ಪ ಹತ್ತಿ, ಆ ತೂತಿನ ಅಂಚನ್ನು ಬೆರಳಿನಿಂದ ಒತ್ತಿದ. ಬಣ್ಣದ ಸಿಪ್ಪೆ ಮುರಿದು, ಜೋಳದ ಹಿಟ್ಟಿನಂತೆ ಪುಡಿ ಅವನ ಮೊಣಕೈ ತನಕ ಇಳಿಯಿತು. ಮೇಲೆ ಬಣ್ಣ ಉಳಿದಿತ್ತು, ತೊಲೆ ಉಳಿದಿರಲಿಲ್ಲ. ಅವನು ಇಳಿದು ಹೊಸ್ತಿಲ ಮೇಲೆ ಕುಳಿತ.

"ಇನ್ನ ಎಷ್ಟ ಹೊತ್ತು ತಡೀತಿತ್ರಿ ಅದು?"

"ಗೊತ್ತಿಲ್ರಿ," ಎಂದ ಶಿವಕಾಂತ. "ಗೊತ್ತಿಲ್ಲದ್ದಕ್ಕ ಅಂಜಬೇಕು."

ಶ್ರೀನು ಮೂಲೆಯಲ್ಲಿ ನಿಂತು ತನ್ನ ರಾಟೆಯನ್ನೇ ನೋಡುತ್ತಿದ್ದ. "ನಮ್ಮ ಸರಪಳಿ ಒಂದು ಟನ್ ಎತ್ತತೈತಿ ಸಾರ್, ಸುಳ್ಳಲ್ಲ."

"ಸುಳ್ಳಂತ ಯಾರಂದ್ರು ತಮ್ಮಾ," ಎಂದಳು ಮಾಧವಿ. "ಸರಪಳಿ ಯಾವುದಕ್ಕ ಜೋತೈತಿ? ಕೊಂಡಿಗೆ. ಕೊಂಡಿ? ತೊಲಿಗೆ. ತೊಲಿ? ಮಣ್ಣಿನ ಗ್ವಾಡಿ ಮ್ಯಾಲ ಕುಂತೈತಿ. ಒಂದು ಟನ್ ಅಂತ ಬರದಿರೋದು ಸರಪಳಿ ಮ್ಯಾಲ. ಉಳಿದ ಮೂರರ ಮ್ಯಾಲ ಏನರ ಬರದೈತೇನು? ಇನ್ನ ಆ ಕಂಬಳಿ. ಗಂಟು ಜಾರಿದ್ರ ತಲಿ ಕೆಳಗ ಬೀಳ್ತಿದ್ರು. ಜಾರದಿದ್ರೂ ಆ ಉಣ್ಣಿ ತಿಕ್ಕಿ ಬೆನ್ನ ಮ್ಯಾಲ ಹುಣ್ಣಾಗ್ತಿತ್ತು, ಅವರಿಗೆ ನೋವು ತಿಳೀತಿರಲಿಲ್ಲ. ಕಂಬಳಿ ಚಳಿಗೆ ಛಲೋ ಕಾಕಾ. ಇದಕ್ಕಲ್ಲ."

ಮಾಳಿಂಗಪ್ಪ ಹೂಂ ಎಂದ. ಈ ಸಲ ಅದಕ್ಕೆ ಖರ್ಚಾಗಿತ್ತು.

"ಹಂಗಾದ್ರ ಮಷಿನ್ ಇಲ್ಲೇನ್ರಿ?" ರಜಿತಾ ಕೇಳಿದಳು. ಮನೆಯಲ್ಲಿ ಯಾರಿಗೂ ಕೇಳುವ ಧೈರ್ಯವಿರದ ಪ್ರಶ್ನೆ ಅದು. ಹನುಮಂತು ಕಣ್ಣು ಮುಚ್ಚಿಕೊಂಡ.

"ಐತಿ," ಎಂದ ಶಿವಕಾಂತ. "ಮಾಳಿಗಿ ಹೊರಲಿಲ್ಲಂದ್ರ ನೆಲ ಹೊರತೈತಿ."

ಮೂರು ವಾರ ಹಿಡಿಯಿತು. ಮೊದಲು ಕೊಳೆತ ತೊಲೆಯನ್ನು ಇಳಿಸಿ, ಕಬ್ಬಿಣದ ಗರ್ಡರ್ ಏರಿಸಿದರು. ಹೊಳೆಯಾಚೆಯ ಕುರಿಗಳು ತಮ್ಮನ ಹತ್ತಿರವೇ ಇದ್ದವು, ಮಾಳಿಂಗಪ್ಪ ಹೋಗಲಿಲ್ಲ. ರಜಿತಾ ಎತ್ತಲಿಲ್ಲ, ಆರು ಸಲವೂ ಮಾಳಿಂಗಪ್ಪ ಮತ್ತು ಎದುರು ಮನೆಯವರು ಸೇರಿ, ಮಾಧವಿ ಕಲಿಸಿದಂತೆ ಇಬ್ಬಿಬ್ಬರು ಹಿಡಿದು ಸಾಗಿಸಿದರು. ಅರವತ್ತೆಂಟು ಕಿಲೋ ಎಂದರೆ ಎಷ್ಟು ಎಂಬುದು ಮಾಳಿಂಗಪ್ಪನ ತೋಳಿಗೆ ತಿಳಿಯಿತು. ಆಮೇಲೆ ಯಂತ್ರದ ಜೊತೆಗೇ ಬಂದ ನಾಲ್ಕು ಕಾಲಿನ ಉಕ್ಕಿನ ಚೌಕಟ್ಟನ್ನು, ಮಾಳಿಗೆಗೆ ತಾಗದಂತೆ, ಕಾಂಕ್ರೀಟು ಹಾಕಿದ ನೆಲಕ್ಕೆ ಬೋಲ್ಟು ಬಿಗಿದು ನಿಲ್ಲಿಸಿದರು. ಬೋಲ್ಟು ಬಿಗಿದವನು ಶ್ರೀನುವೇ, ಶಿವಕಾಂತ ಪಕ್ಕದಲ್ಲಿ ನಿಂತು ಒಂದೊಂದನ್ನೂ ಮತ್ತೆ ತಿರುಗಿಸಿ ನೋಡುತ್ತಿದ್ದ. "ಇವರು ನನ್ನ ನಂಬಂಗಿಲ್ಲ," ಎಂದು ಶ್ರೀನು ಗೊಣಗಿದ. "ನನ್ನನ್ನೂ ನಾ ನಂಬಂಗಿಲ್ಲ," ಎಂದ ಶಿವಕಾಂತ. "ಅದಕ್ಕ ಚೀಲ ತರಿಸೀನಿ."

ಪರೀಕ್ಷೆಯ ದಿನ. ಯಂತ್ರದ ಮೇಲೆ ನೂರಾ ಇಪ್ಪತ್ತು ಕಿಲೋ ಎಂದು ಬರೆದಿತ್ತು. ಶಿವಕಾಂತ ಅದಕ್ಕಿಂತ ಕಾಲು ಪಾಲು ಹೆಚ್ಚು, ನೂರೈವತ್ತು ಕಿಲೋ ನೇತು ಹಾಕಿ ನೋಡುವವನಿದ್ದ. ಇಪ್ಪತ್ತೈದು ಕಿಲೋದ ಆರು ಅಕ್ಕಿ ಚೀಲ. ಮಾಳಿಂಗಪ್ಪ ಒಂದು ಚೀಲದ ಕೆಳಗೆ ಕೈ ಕೊಟ್ಟು ಬೆರಳೆತ್ತರ ಎತ್ತಿದ.

"ಇದು ಇಪ್ಪತ್ನಾಲ್ಕೂವರಿ."

ತೂಗಿದರು. ಇಪ್ಪತ್ತನಾಲ್ಕೂವರೆಯೇ ಇತ್ತು. ಶಿವಕಾಂತ ಮರುಮಾತಿಲ್ಲದೆ ಅರ್ಧ ಕಿಲೋ ಕಲ್ಲು ಸೇರಿಸಿದ. ಚೀಲಗಳನ್ನು ಎತ್ತಿ, ಹಳಿಯ ಈ ತುದಿಯಿಂದ ಆ ತುದಿಗೆ ಓಡಿಸಿ, ನಡುವೆ ತಂದು ನಿಲ್ಲಿಸಿದರು. ಕೆಳಗೆ ಯಾರೂ ಹೋಗಕೂಡದು. ಅರ್ಧ ತಾಸು ಎಲ್ಲರೂ ಬಾಗಿಲಲ್ಲಿ ನಿಂತು ನೇತಾಡುವ ಅಕ್ಕಿಯನ್ನು ದೇವರ ಮೂರ್ತಿಯಂತೆ ನೋಡಿದರು. ಪಡಸಾಲೆಯಲ್ಲಿ ಹನುಮಂತು ನೋಡಲಿಲ್ಲ, ಕೇಳಿಸಿಕೊಂಡ. ಕಿವಿಯನ್ನೆಲ್ಲ ನಡುಮನೆಗೆ ಕೊಟ್ಟು ಆ ಒಂದು ಚಿಟ್ ಶಬ್ದಕ್ಕಾಗಿ ಕಾದ. ಬರಲಿಲ್ಲ. ಶಿವಕಾಂತ ಟೇಪು ಹಿಡಿದು ಹಳಿ ಬಾಗಿದೆಯೇ ಎಂದು ಅಳೆದ. ಬಾಗಿರಲಿಲ್ಲ.

"ಈಗ ನೀವು," ಎಂದಳು ಮಾಧವಿ.

ಹನುಮಂತುವಿನ ಮಂಚವನ್ನು ಮತ್ತೆ ನಡುಮನೆಗೆ, ಹಳಿಯ ಕೆಳಗೆ ಎಳೆದು ತಂದರು. ಪರೀಕ್ಷೆ ಅಕ್ಕಿಗೆ ಆಗಿತ್ತು. ಅಕ್ಕಿ ಮರದಿಂದ ಬಿದ್ದಿರಲಿಲ್ಲ. ಮಾಧವಿ ಅವನ ಅಳತೆಯ ಜೋಲಿಯನ್ನು ಬೆನ್ನಿಗೆ, ತೊಡೆಗೆ ಸರಿಯಾಗಿ ಕೂರಿಸಿ, ಪ್ರತಿ ಕುಣಿಕೆಯನ್ನೂ ಅವನ ಕೈಯಿಂದಲೇ ಎಳೆಸಿ ನೋಡಿಸಿದಳು. ಆಮೇಲೆ ಗುಂಡಿಗಳಿದ್ದ ಡಬ್ಬಿಯನ್ನು ಅವನ ಅಂಗೈಗಿಟ್ಟಳು.

"ಇದು ನಿಮ್ಮ ಕೈಯಾಗ ಇರತೈತಿ. ಒತ್ತಿದ್ರ ಏರತೈತಿ, ಬಿಟ್ರ ನಿಲ್ಲತೈತಿ. ಈ ಕೆಂಪು ದಾರ ಎಳದ್ರ ಕರೆಂಟಿಲ್ಲದಿದ್ರೂ ಮೆಲ್ಲಗ ಇಳೀತೈತಿ. ಇವತ್ತು ಹಾಸಿಗಿ ಮ್ಯಾಲ ಒಂದು ಗೇಣು ಸಾಕು."

"ಅಂಜಿಕಿ ಆಗಾಕತ್ತೈತ್ರಿ."

"ಆಗಲಿ. ಅದನ್ನ ಇಟ್ಕೊಂಡ ಒತ್ರಿ."

ಅವನು ಒತ್ತಿದ. ಮೋಟಾರು ಜೇನಿನಂತೆ ಗುಂಯ್ ಎಂದಿತು. ಹಾಸಿಗೆ ಸರಿಯಿತು. ಬೆರಳು ಬಿಟ್ಟ, ನಿಂತಿತು. ಮೇಲೆ ನೋಡಿದ. ಉಕ್ಕು, ಬೋಲ್ಟು, ಸುಮ್ಮನೆ. ಮತ್ತೆ ಒತ್ತಿದ. ಹಳಿಯಗುಂಟ ಸರಿದು, ಕುರ್ಚಿಯ ಮೇಲೆ ಬಂದು, ಇಳಿದ. ಕುರ್ಚಿಯ ತೋಳು ಅಂಗೈಗೆ ಸಿಕ್ಕಿತು. ರಜಿತಾ ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡು ನಿಂತಿದ್ದಳು.

"ನೀ ಉಸಿರು ಬಿಡು," ಎಂದ ಹನುಮಂತು. "ನಾ ಇಳದೀನಿ."

ಹನುಮಂತುವಿನ ಹೆದರಿಕೆ ಅಂದಿಗೆ ಹೋಯಿತು ಎಂದು ಹೇಳಿದರೆ ಈ ಕಥೆ ಸುಳ್ಳಾಗುತ್ತದೆ. ಅದಕ್ಕೊಂದು ಕೆಲಸ ಸಿಕ್ಕಿತು, ಅಷ್ಟೇ. ಬೆಳಿಗ್ಗೆ ಎದ್ದ ಕೂಡಲೇ ಜೋಲಿಯ ಹೊಲಿಗೆಯ ಮೇಲೆ ಅವನ ಬೆರಳು ಓಡುತ್ತದೆ. ಒಂದು ದಾರ ಬಿಟ್ಟುಕೊಂಡಿದ್ದರೂ ಅಂದು ಆ ಜೋಲಿ ಬಳಸುವುದಿಲ್ಲ. ಬ್ಯಾಟರಿ ತುಂಬಿದೆಯೇ ಎಂದು ರಜಿತಾ ನೋಡುತ್ತಾಳೆ. ಶಿವಕಾಂತ ಆರು ತಿಂಗಳಿಗೊಮ್ಮೆ ಬಂದು ಬೋಲ್ಟು, ಹಳಿ, ಪಟ್ಟಿ ನೋಡಿ, ಗೋಡೆಗೆ ಅಂಟಿಸಿದ ಕಾಗದದ ಮೇಲೆ ತಾರೀಖು ಹಾಕಿ ದಸ್ಕತ್ತು ಮಾಡುತ್ತಾನೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಎತ್ತಬೇಕಾದವರು ಒಬ್ಬರು ಇರಬಹುದು, ಎತ್ತಿ ಎತ್ತಿ ಬೆನ್ನು ಕಳೆದುಕೊಳ್ಳುತ್ತಿರುವವರು ಇನ್ನೊಬ್ಬರು. ಯಂತ್ರ ಬೇಕೆಂದು ಕೇಳಲು ಸಂಕೋಚಪಡಬೇಡಿ. ಆದರೆ ಅದು ಬರುವ ಮೊದಲು ನಿಮ್ಮ ಮನೆಯವರನ್ನು ಕಾಟಾದ ಮೇಲೆ ತೂಗಿಸಿ. ಮಾಳಿಗೆಯನ್ನು ತಿಳಿದವರಿಗೆ ತೋರಿಸಿ. ಫರಸಿಯದಾಗಲಿ, ತಗಡಿನದಾಗಲಿ, ನಿನ್ನೆ ಹಾಕಿದ ಸ್ಲ್ಯಾಬೇ ಆಗಲಿ. ತೊಟ್ಟಿಲ ಕೊಂಡಿ, ಫ್ಯಾನಿನ ಕೊಂಡಿ, ಜೋಕಾಲಿಯ ಕೊಂಡಿ ಯಾವುದೂ ಮನುಷ್ಯನನ್ನು ಎತ್ತಲು ಹಾಕಿದ್ದಲ್ಲ. ಕಂಬಳಿ, ಸೀರೆ, ಹಗ್ಗಗಳಿಂದ ಜೋಲಿ ಮಾಡಬೇಡಿ. ಚೀಲ ಕಟ್ಟಿ ನೀವೇ ಪರೀಕ್ಷೆ ಮಾಡಲೂ ಹೋಗಬೇಡಿ, ಅದು ಬಲ್ಲವರ ಕೆಲಸ. ಆದರೆ ಅವರು ಪರೀಕ್ಷೆ ಮಾಡದೆ ಹೊರಟರೆ ಹೋಗಗೊಡಬೇಡಿ. ಎಲ್ಲಕ್ಕಿಂತ ಮೊದಲು, ಆ ಜೋಲಿಯಲ್ಲಿ ಕೂರುವವರನ್ನು ಕೇಳಿ. ಅವರು ಇಳಿಸು ಎಂದರೆ ಇಳಿಸಿ. ಯಾಕೆಂದು ಆಮೇಲೆ ಕೇಳಬಹುದು.

ಮಾಳಿಂಗಪ್ಪನ ಮನೆಗೆ ಯಂತ್ರ ಬಂದು ಎಂಟು ತಿಂಗಳಾಯಿತು. ಯಾರೂ ಬಿದ್ದಿಲ್ಲ.